ಮಾಳಿಗೆ ದಾಟಿದ ಸೊಳ್ಳೆಗಳು

ಬೇಜಾರು ಮಾಡಿಕೊಳ್ಳಬೇಡಿ ಗೆಳೆಯರೇ, ಮತ್ತೆ ಮೊದಲಿಂದ ಹೇಳುತ್ತೇನೆ, ಆಗಲೇ ಫೋನಿನಲ್ಲಿ ಕೂಲರ್ ಸದ್ದಿಗೆ ನನ್ನ ಮಾತೇ ನಿಮಗೆ ಕೇಳಲಿಲ್ಲ. ಕೂಡ್ಲಿಗಿಯ ಈ ಸೆಕೆಗೆ ನಮ್ಮ ಓಣಿಯೆಲ್ಲ ಮಲಗುವುದು ಮಾಳಿಗೆ ಮೇಲೆ. ನಿನ್ನೆ ನನ್ನ ಹೆಂಡತಿ ಸೊಳ್ಳೆ ಓಡಿಸಲು ನಿಂಬೆ ವಾಸನೆಯ ಮಜ್ಜಿಗೆ ಹುಲ್ಲಿನ ಎಣ್ಣೆ ತಂದಳು. ಹತ್ತಿಯ ಉಂಡೆಗೆ ನಾಲ್ಕು ಹನಿ ಹಾಕಿ ಹಾಸಿಗೆ ಸುತ್ತ ಇಟ್ಟಳು. ಒಂದು ಸೊಳ್ಳೆಯೂ ಸುಳಿಯಲಿಲ್ಲ. ಕಣ್ತುಂಬ ನಿದ್ದೆ.

ಬೆಳಿಗ್ಗೆ ನೋಡಿದರೆ ಪಕ್ಕದ ಮಾಳಿಗೆಯ ಗಂಗಕ್ಕ ನಡುಗೋಡೆ ಹತ್ತಿರ ನಿಂತಿದ್ದಾರೆ.

“ತಮ್ಮಾ, ನಿಮ್ಮ ಸೊಳ್ಳಿ ಎಲ್ಲಾ ನಮ್ಮ ಕಡಿ ಬಂದಾವ.”

“ಸೊಳ್ಳಿಗೆ ನಮ್ದು ನಿಮ್ದು ಅಂತ ಐತೇನಕ್ಕಾ?”

“ಮೊನ್ನಿತನಕ ಇರ್ಲಿಲ್ಲ. ಈಗ ಐತಿ. ಮೊಮ್ಮಗಳ ಮಾರಿ ನೋಡು.”

ನೋಡಿದೆ. ಕೆನ್ನೆಯೆಲ್ಲ ಕೆಂಪು ಗಂಟು. ನನ್ನ ನಗು ಅಲ್ಲೇ ನಿಂತಿತು.

ಹೆಂಡತಿ ಕೆಳಗೆ ಹೋಗಿ, ಉಳಿದ ಎಣ್ಣೆಯನ್ನು ಬಾಟಲಿ ಸಮೇತ ತಂದು ಕೊಟ್ಟಳು. “ಹತ್ತಿಗೆ ಹಾಕ್ರಿ, ಹುಡುಗಿ ಮೈಗೆ ಹಚ್ಚಬ್ಯಾಡ್ರಿ,” ಅಂದಳು. ಗಂಗಕ್ಕ ಮೂಸಿ ನೋಡಿ ಸಮಾಧಾನಗೊಂಡರು.

ನಮ್ಮ ಹತ್ತಿಯ ಉಂಡೆಗಳಲ್ಲಿ ವಾಸನೆ ಇನ್ನೂ ಇದೆ, ಇವತ್ತು ಅವರಿಗೂ ನಿದ್ದೆ ಬರುತ್ತದೆ. ಆದರೆ ಅವರ ಆಚೆ ಮಾಳಿಗೆ ನಮ್ಮ ಬೀಗರದು, ನಮ್ಮ ಮಗಳನ್ನು ಕೊಟ್ಟ ಮನೆ. ಸೊಳ್ಳೆಗಳಿಗೆ ಇನ್ನು ಉಳಿದಿರುವುದು ಅದೊಂದೇ ದಾರಿ.

ತಡೀರಿ, ಬೀಗರೇ ಫೋನ್ ಮಾಡುತ್ತಿದ್ದಾರೆ. ಗಂಗಕ್ಕ ಆಗಲೇ ಸುದ್ದಿ ಮುಟ್ಟಿಸಿರಬೇಕು. ಇಡುತ್ತೇನೆ.