ಅಜ್ಜಿ ಕಲಿಸಿದ ಕುಡಿತ

ಸ್ನೇಹಿತರೇ, ಇಂದು ಶಿಕಾಗೋದಲ್ಲಿ ನಾವು ಹೊಕ್ಕ ಮೂರನೇ ಪಬ್ಬಿನಲ್ಲಿ ಗೆಳೆಯ ಶ್ರೀಧರನನ್ನು ನೋಡಿ ನಾನೇ ಬೆರಗಾದೆ.

ಪೀಪಾಯಿಯಿಂದ ಕೈಪಂಪಿನಲ್ಲಿ ಎಳೆದು ಕೊಡುವ ರಿಯಲ್ ಏಲ್ ಎಂಬ ಬಿಯರುಗಳ ರುಚಿ ನೋಡಲು ಹೊರವಲಯದ ಡೌನರ್ಸ್ ಗ್ರೋವ್‌ನಿಂದ ರೈಲಿನಲ್ಲಿ ಹೋಗಿದ್ದೆವು. ಎಲ್ಲ ಬಗೆಯದನ್ನೂ ನೋಡಬೇಕಲ್ಲ, ಇಬ್ಬರಿಗೂ ಒಂದೇ ಗ್ಲಾಸು. ಶ್ರೀಧರ ಮೈಸೂರಿನವನು, ಹಂಚಿಕೊಂಡ ಲೋಟವನ್ನು ಎಂಜಲು ಮಾಡುವವನಲ್ಲ. ತಲೆ ಹಿಂದಕ್ಕೆ ವಾಲಿಸಿ, ಗೇಣು ಮೇಲಿಂದ ಎತ್ತಿ ಹುಯ್ದುಕೊಳ್ಳತೊಡಗಿದ.

"ಚೆಲ್ಲಿದ್ರೆ ನೀವೇ ಒರೆಸ್ಬೇಕು," ಎಂದು ಬಾರಿನ ಹೆಂಗಸು ಬಟ್ಟೆ ಹಿಡಿದು ಬಂದಳು.

ಚೆಲ್ಲಲಿಲ್ಲ. ಈ ಏಲಿನಲ್ಲಿ ಗ್ಯಾಸು ಕಡಿಮೆ. ಕಂದು ದಾರದ ಹಾಗೆ ಗಂಟಲಿಗೇ ಇಳಿಯಿತು. ಇವನು ಹೀಗೆ ಕಾಫಿ ಕುಡಿಯುವುದನ್ನು ವರ್ಷಗಟ್ಟಲೆ ನೋಡಿದ್ದೇನೆ; ಅದೊಂದು ವಿದ್ಯೆ ಎಂದು ಹೊಳೆದದ್ದು ಇಂದೇ. ಸುತ್ತಲಿನವರೆಲ್ಲ ಕತ್ತು ಚಾಚಿ ನೋಡುತ್ತಿದ್ದರು.

"ಎಲ್ಲಿ ಕಲಿತ್ರಿ ಇದನ್ನ?" ಎಂದಳು ಆಕೆ.

"ನಮ್ಮಜ್ಜಿ ಹೇಳ್ಕೊಟ್ಟಿದ್ದು," ಎಂದ ಶ್ರೀಧರ.

ಆಕೆ ಬಟ್ಟೆ ಕೆಳಗಿಟ್ಟಳು. "ಕುಡಿಯೋದ್ರಲ್ಲಿ ಎಂಥಾ ಪಳಗಿದ ಕೈ ಇರ್ಬೇಕು ಅವ್ರದು," ಎಂದಳು ಭಕ್ತಿಯಿಂದ. ಆಮೇಲೆ ಎಲ್ಲರ ಕಡೆ ತಿರುಗಿ, "ಗ್ಲಾಸ್ ಎತ್ತಿ, ಇವರ ಅಜ್ಜಿಗೆ," ಎಂದಳು.

ಶ್ರೀಧರ ತಿದ್ದಲು ಬಾಯಿ ತೆರೆದ. ನಾನು ಅವನ ಕಾಲು ತುಳಿದೆ.

ಇಡೀ ಪಬ್ಬು ಎದ್ದು ನಿಂತಿತು, ಜನ್ಮದಲ್ಲಿ ಹೋಟೆಲಿನ ಕಾಫಿಯನ್ನೂ ಮುಟ್ಟದ ಆ ಮಡಿ ಹೆಂಗಸಿಗಾಗಿ.