ಹೊತ್ತಿಲ್ಲದ ಹಸಿರು ಬೊಟ್ಟು

ಇದನ್ನು ಬರೆಯಬೇಕೆಂದು ಕೂತು, ಬೇರೇನನ್ನೋ ಬರೆದು ಎದ್ದ ದಿನಗಳು ಬಹಳ. ಫೋನಿನ ಕ್ಯಾಮೆರಾದ ಬಗ್ಗೆ ಬರೆದೆ. ಬ್ಯಾಟರಿ ಬೇಗ ಇಳಿಯದಿರಲು ಏನು ಮಾಡಬೇಕೆಂದು ಎರಡು ಪುಟ ಬರೆದು ಪರಿಚಯದವರಿಗೆಲ್ಲ ಕಳಿಸಿದೆ. ಇದೊಂದನ್ನು ಮಾತ್ರ ಮುಂದೆ ತಳ್ಳುತ್ತಲೇ ಬಂದೆ. ನಾನು ಆಸೆಪಟ್ಟು ಮಾಡಿದ ಒಂದು ವೆಬ್ ಪುಟದಿಂದಾಗಿ ಒಬ್ಬ ಹೆಂಗಸಿನ ಕಾಲು ಮುರಿಯಿತು. ಅದಾದ ಮೇಲೆ ನಾನು ಸುಳ್ಳು ಹೇಳಿದ್ದರಿಂದ ಒಬ್ಬ ಗಂಡಸಿನ ಕೆಲಸ ಹೋಯಿತು. ಹೇಳಬೇಕಾದದ್ದು ಇಷ್ಟೇ. ಆದರೆ ಹೇಗಾಯಿತೆಂದು ಹೇಳದಿದ್ದರೆ ನನ್ನ ತಪ್ಪು ಎಲ್ಲಿದೆ ಎಂಬುದು ಯಾರಿಗೂ ಕಾಣುವುದಿಲ್ಲ.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಸಿದ್ದಾಪುರದ ಹತ್ತಿರದ ಒಂದು ಕಾಫಿ ತೋಟದಲ್ಲಿ ಮೂವತ್ತು ವರ್ಷಕ್ಕಿಂತ ಹೆಚ್ಚು ರೈಟರ್ ಆಗಿದ್ದೆ. ರೈಟರ್ ಎಂದರೆ ಆಳುಗಳ ಹಾಜರಿ ಬರೆಯುವವನು, ಕೊಯ್ದ ಹಣ್ಣು ತೂಗಿಸುವವನು, ಮಾಲೀಕರ ಮಾತನ್ನು ಆಳುಗಳು ಸಾಲಾಗಿ ವಾಸವಿರುವ ಲೈನಿನ ಮನೆಗಳಿಗೆ ಮುಟ್ಟಿಸುವವನು. ಈ ಕೆಲಸಕ್ಕೆ ಒಂದು ಪೆನ್ನು, ಒಂದು ಪುಸ್ತಕ ಸಾಕು. ಆದರೆ ಕೈಗೆ ಮೊದಲ ಬಟನ್ ಫೋನು ಬಂದ ದಿನದಿಂದ ನನಗೊಂದು ಹುಚ್ಚು ಹತ್ತಿತು. ಇದರೊಳಗೆ ಏನಿದೆ, ಇದು ಹೀಗೇಕೆ ಮಾಡುತ್ತದೆ? ಯಾರ ಫೋನು ಸಿಕ್ಕಿದರೂ ಕರೆ ಮಾಡುವ ಮೊದಲು ಸೆಟ್ಟಿಂಗ್ಸ್ ತೆರೆದು ನೋಡುತ್ತಿದ್ದೆ. ಟಚ್ ಫೋನು ಬಂದ ಮೇಲಂತೂ ಹೆಂಡತಿ, "ಊಟಕ್ಕೆ ಕೂತ್ರೂ ಅದನ್ನೇ ಉಜ್ಜಿ. ಅದೇ ಅನ್ನ ಹಾಕ್ತದೆ ನಿಮಗೆ" ಎಂದು ತಟ್ಟೆ ಎಳೆದಿಟ್ಟುಕೊಂಡದ್ದೂ ಇದೆ.

ವೆಬ್ ಪುಟ ಮಾಡುವುದನ್ನು ಕಲಿತದ್ದು ವಿಡಿಯೋ ನೋಡಿ. ಕಂಪ್ಯೂಟರೇ ಬೇಕಿಲ್ಲ, ಫೋನಿನ ಒಂದು ಆ್ಯಪಿನಲ್ಲೇ ಆಗುತ್ತದೆ ಎಂದು ತಿಳಿದ ದಿನ ನನಗೆ ಬೇರೆ ಕೆಲಸವೇ ಸಾಗಲಿಲ್ಲ. ಪುಟ ಎಂದರೆ ಡಬ್ಬಿಗಳ ಸಾಲು. ಕಣದಲ್ಲಿ ಕಾಫಿ ಹರಡಿದ ಹಾಗೆ. ಕಣ ಅಗಲವಿದ್ದರೆ ರಾಶಿಗಳು ಅಕ್ಕಪಕ್ಕ ಕೂರುತ್ತವೆ, ಸಣ್ಣದಿದ್ದರೆ ಒಂದರ ಕೆಳಗೊಂದು ಇಳಿಯುತ್ತವೆ. ಒಂದೇ ಪುಟ ಮಾಲೀಕರ ದೊಡ್ಡ ಫೋನಿನಲ್ಲಿ ಒಂದು ಥರ, ಜೀಪ್ ಡ್ರೈವರನ ಬಿರುಕು ಬಿಟ್ಟ ಫೋನಿನಲ್ಲಿ ಇನ್ನೊಂದು ಥರ ಕಾಣುತ್ತಿತ್ತು. ಕೆಲವು ಹಳೆಯ ಫೋನುಗಳಲ್ಲಿ ಕನ್ನಡದ ಒತ್ತಕ್ಷರಗಳು ಕೆಳಗಿಳಿಯದೆ ಪಕ್ಕದಲ್ಲಿ ನಿಂತುಬಿಡುತ್ತಿದ್ದವು. ನಾನು ಎಲ್ಲರ ಫೋನು ಕೇಳಿ ಪಡೆದು, ನನ್ನ ಪುಟ ತೆರೆದು, ಓರೆಯಾಗಿ ಹಿಡಿದು, ಉದ್ದಕ್ಕೆ ಹಿಡಿದು ನೋಡುತ್ತಿದ್ದೆ.

ಆ ಪುಟ ಆನೆಯ ಸುದ್ದಿಗಾಗಿ ಮಾಡಿದ್ದು.

ನಮ್ಮ ಕಡೆ ಆನೆ ತೋಟಕ್ಕೆ ಬಂತೆಂಬುದು ಸುದ್ದಿಯಲ್ಲ. ಎಷ್ಟು, ಎಲ್ಲಿ, ಯಾವಾಗ ಎಂಬುದು ಸುದ್ದಿ. ಅದನ್ನು ಹೇಳಲೆಂದೇ ತೋಟದಲ್ಲಿ ಒಬ್ಬ ಕಾವಲುಗಾರನಿದ್ದ. ತಿತಿಮತಿ ಕಡೆಯವನು, ಕಾಡಿನಂಚಿನಲ್ಲೇ ಬೆಳೆದವನು. ಬೆಳಕು ಹರಿಯುವಾಗಲೇ ತೋಟದ ಬೇಲಿ ಸುತ್ತಿ, ಹೆಜ್ಜೆ ನೋಡಿ, ಲದ್ದಿ ಕಂಡರೆ ಅಂಗೈಯಿಂದ ಮುಟ್ಟಿ ಬಿಸಿ ಎಷ್ಟಿದೆ ಎಂದು ತಿಳಿದು, ಹಾಜರಿ ಕರೆಯುವ ಕಟ್ಟೆಗೆ ಬರುತ್ತಿದ್ದ. ಅವನು ಬರುವ ತನಕ ಯಾರೂ ಪಿಕಿಂಗಿಗೆ, ಅಂದರೆ ಹಣ್ಣು ಕೊಯ್ಯಲು, ತೋಟದೊಳಗೆ ಕಾಲಿಡುವಂತಿಲ್ಲ. ಹೇಳುವಾಗ ಹೊತ್ತನ್ನೇ ಮೊದಲು ಹೇಳುತ್ತಿದ್ದ. "ಐದೂವರೆಗೆ. ಕೆರೆ ಬ್ಲಾಕು. ಮೂರು, ಅದ್ರಲ್ಲಿ ಒಂದು ಮರಿ." ಆಮೇಲೆ ಹೆಂಗಸರ ಕಡೆ ತಿರುಗಿ, "ನಾ ಕಂಡಾಗ ಅಲ್ಲಿದ್ವು. ಈಗ ಎಲ್ಲಿದಾವೋ ಅವಕ್ಕೇ ಗೊತ್ತು" ಎನ್ನುತ್ತಿದ್ದ. ದಿನವೂ ಇದೇ ಮಾತು.

ನನಗೆ ಇದು ಹಳೇ ಕಾಲದ್ದೆಂದು ತೋರಿತು. ಅವನು ನನಗೆ ಫೋನು ಮಾಡಿದರೆ ಸಾಕು, ನಾನು ಪುಟದಲ್ಲಿ ಹಾಕುತ್ತೇನೆ, ಎಲ್ಲರೂ ಮನೆಯಲ್ಲೇ ನೋಡಿಕೊಳ್ಳಲಿ ಎಂದುಕೊಂಡೆ. ಲೈನಿನಲ್ಲಿ ತಮಿಳು, ಮಲಯಾಳ, ಕನ್ನಡ ಎಲ್ಲ ಮಾತಾಡುವವರಿದ್ದರು. ಓದಲು ಬಾರದವರೂ ಇದ್ದರು. ಅದಕ್ಕೇ ಪುಟದ ನಡುವೆ ಒಂದು ದೊಡ್ಡ ಬೊಟ್ಟು ಇಟ್ಟೆ. ಕೆಂಪಾದರೆ ಆನೆ ಇದೆ, ಹಸಿರಾದರೆ ಇಲ್ಲ. ಈ ಯೋಚನೆ ಬಂದದ್ದಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮೊದಲು ಬೊಟ್ಟಿನ ಮೇಲೆ ದಿನಾಂಕ, ಗಂಟೆ ಇತ್ತು. ದೊಡ್ಡ ಫೋನಿನಲ್ಲಿ ಚೆನ್ನಾಗಿತ್ತು. ಸಣ್ಣ ಫೋನುಗಳಲ್ಲಿ ಆ ಸಾಲು ಎರಡಾಗಿ ಮುರಿದು ಬೊಟ್ಟನ್ನು ಕೆಳಕ್ಕೆ ತಳ್ಳುತ್ತಿತ್ತು, ಅರ್ಧ ಬೊಟ್ಟು ತೆರೆಯಿಂದ ಆಚೆ ಹೋಗುತ್ತಿತ್ತು. ಅಕ್ಷರ ಸಣ್ಣದು ಮಾಡಿದೆ, ಸರಿಹೋಗಲಿಲ್ಲ. ಕೊನೆಗೆ ಆ ಸಾಲನ್ನೇ ತೆಗೆದುಹಾಕಿದೆ. ಬಿಳಿಯ ನಡುವೆ ದುಂಡಗೆ ಒಂದೇ ಬೊಟ್ಟು. ಎಷ್ಟು ಚೆಂದ ಕಂಡಿತೆಂದರೆ ಅರ್ಧ ಗಂಟೆ ಸುಮ್ಮನೆ ನೋಡುತ್ತ ಕೂತೆ. ಇನ್ನೂ ಒಂದು ಕೆಲಸ ಮಾಡಿದೆ. ಆ್ಯಪಿನಲ್ಲಿ ಒಂದು ಸ್ವಿಚ್ ಇತ್ತು. ಅದನ್ನು ಒತ್ತಿದರೆ ಸಿಗ್ನಲ್ ಇಲ್ಲದ ಕಡೆಯೂ ಪುಟ ತೆರೆಯುತ್ತದೆ ಎಂದು ಬರೆದಿತ್ತು. ನಮ್ಮಲ್ಲಿ ಕರೆ ಹೇಗೋ ಹೋಗುತ್ತದೆ, ಆದರೆ ನೀರಿನ ಟ್ಯಾಂಕಿನ ಹತ್ತಿರ ಬಿಟ್ಟರೆ ಎಲ್ಲೂ ಇಂಟರ್ನೆಟ್ಟಿನ ಸಿಗ್ನಲ್ ಸರಿಯಾಗಿ ಇಲ್ಲ, ಲೈನಿನ ಮನೆಗಳಲ್ಲಂತೂ ಹೆಚ್ಚಿನ ಹೊತ್ತು ಇರುವುದೇ ಇಲ್ಲ. ಸ್ವಿಚ್ ಒತ್ತಿದೆ. ಲೈನಿನಲ್ಲಿ ನಿಂತು ತೆರೆದರೂ ಬೊಟ್ಟು ಬಂತು. ಹೇಗೆ ಬಂತೆಂದು ನಾನು ಆ ದಿನ ಕೇಳಿಕೊಳ್ಳಲಿಲ್ಲ. ಎಲ್ಲವನ್ನೂ ಕೆದಕಿ ನೋಡುವವನು ಅದೊಂದನ್ನು ಕೆದಕಲಿಲ್ಲ.

ಕಟ್ಟೆಯ ಹತ್ತಿರ ಎಲ್ಲರೆದುರು ಕಾವಲುಗಾರನಿಗೆ ಪುಟ ತೋರಿಸಿದೆ. ಅವನು ಫೋನನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ.

"ಇದೇನ್ ರೈಟ್ರೇ, ಹಣೆಗೆ ಇಟ್ಟಂಗೆ ಇಟ್ಟಿದೀರ?"

"ಹಸಿರಿದ್ರೆ ಆನೆ ಇಲ್ಲ ಅಂತ. ಓದೋಕೆ ಬಾರದಿದ್ರೂ ಗೊತ್ತಾಗ್ತದೆ."

"ಅದು ಸರಿ. ಯಾವ ಹೊತ್ತಿನ ಹಸಿರು?"

"ಈಗಿಂದು."

"ನಾ ಕಂಡ ಹೊತ್ತಾ, ನೀವು ಬಣ್ಣ ಹಚ್ಚಿದ ಹೊತ್ತಾ, ಇವ್ರು ನೋಡೋ ಹೊತ್ತಾ?"

ಹೆಂಗಸರು ನಕ್ಕರು. ನನ್ನನ್ನು ನೋಡಿ ನಕ್ಕರೆಂದು ನನಗೆ ಸಿಟ್ಟು ಬಂತು. "ನೀನು ಲದ್ದಿ ನೋಡು, ನಾನು ಫೋನು ನೋಡ್ತೇನೆ. ನಾಳೆಯಿಂದ ಕಟ್ಟೆಗೆ ಬರೋದು ಬೇಡ, ನಂಗೊಂದು ಕಾಲ್ ಮಾಡು ಸಾಕು" ಎಂದೆ. ಈಗ ಎಲ್ಲರೂ ಅವನನ್ನು ನೋಡಿ ನಕ್ಕರು. ಅವನೂ ನಕ್ಕು ಫೋನು ಹಿಂದಕ್ಕೆ ಕೊಟ್ಟ.

ಎರಡು ತಿಂಗಳು ಎಲ್ಲ ಸರಿಯಾಗಿಯೇ ನಡೆಯಿತು. ರೋಬಸ್ಟಾ ಪಿಕಿಂಗಿನ ಭರಾಟೆಯ ಕಾಲ. ಕೊಯ್ದಷ್ಟಕ್ಕೆ ಕೂಲಿ ಇದ್ದದ್ದರಿಂದ ಹಣ್ಣು ತುಂಬಿದ ಸಾಲು ಹಿಡಿಯಲು ಕೆಲವರು ಹಾಜರಿಗೆ ಮೊದಲೇ ಬ್ಲಾಕಿಗೆ ಹೋಗತೊಡಗಿದರು. ಕಾವಲುಗಾರ ಕಟ್ಟೆಗೆ ಬರುತ್ತಿದ್ದಾಗ ಅದು ಸಾಧ್ಯವಿರಲಿಲ್ಲ. ಒಂದು ದಿನ ಬೆಳಿಗ್ಗೆ ಆರು ಗಂಟೆಗೆ ಹತ್ತು ನಿಮಿಷ ಇರುವಾಗ ಅವನ ಕರೆ ಬಂತು. "ರೈಟ್ರೇ, ಈಗಲೇ. ಕೆರೆ ಬ್ಲಾಕು. ತಾಯಿ, ಮರಿ." ನಾನು ಟ್ಯಾಂಕಿನ ಹತ್ತಿರ ಹೋಗಿ ಬೊಟ್ಟನ್ನು ಕೆಂಪು ಮಾಡಿದೆ. ನನ್ನ ಫೋನಿನಲ್ಲಿ ಕೆಂಪು ಕಂಡಿತು. ಮನೆಗೆ ಬಂದು ಕಾಫಿ ಕುಡಿದೆ.

ನಾನು ಕೆಂಪು ಮಾಡಿದ ಮೇಲೆ ಮನೆ ಬಿಟ್ಟ ಲೈನಿನ ಒಬ್ಬ ಹೆಂಗಸು ಅಷ್ಟರಲ್ಲಿ ಕೆರೆ ಬ್ಲಾಕಿಗೆ ಹೋಗಿಯಾಗಿತ್ತು. ನಾಲ್ಕು ಸಾಲು ಆಚೆ ಗಿಡ ಅಲುಗಿದ್ದು ನೋಡಿ ಓಡಿದಳಂತೆ, ಕಂದಕಕ್ಕೆ ಬಿದ್ದಳು. ಆನೆ ಅವಳನ್ನು ಮುಟ್ಟಲಿಲ್ಲ. ಕೂಗು ಕೇಳಿ ಪಟಾಕಿ ಹೊಡೆದು ಆನೆಗಳನ್ನು ಆಚೆ ಕಳಿಸಿದವನು ಕಾವಲುಗಾರ. ಕಂದಕಕ್ಕಿಳಿದು ಅವಳನ್ನು ಬೆನ್ನಮೇಲೆ ಹೊತ್ತು ಜೀಪಿನ ತನಕ ತಂದವನೂ ಅವನೇ. ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿತ್ತು.

ಮಧ್ಯಾಹ್ನ ಮಾಲೀಕರು ಆಫೀಸಿಗೆ ಇಬ್ಬರನ್ನೂ ಕರೆಸಿದರು. "ಆ ಹೆಂಗಸು ಹಸಿರು ನೋಡ್ಕೊಂಡೇ ಹೋದೆ ಅಂತಾಳೆ. ಏನ್ರೀ ರೈಟ್ರೇ?"

ಆ ಗಳಿಗೆಯಲ್ಲಿ ನನಗೆ ನಿಜವಾಗಿಯೂ ಕಾರಣ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. ಪುಟ ಕೆಟ್ಟಿರಬಹುದೆಂದು ಹೇಳಲು ನಾಲಿಗೆ ಏಳಲಿಲ್ಲ. "ಇವನ ಫೋನು ಬರುವಾಗ ತಡ ಆಗಿತ್ತು ಸಾರ್" ಎಂದುಬಿಟ್ಟೆ.

ಕಾವಲುಗಾರ ನನ್ನ ಕಡೆ ತಿರುಗಿದ. "ಹೊತ್ತಿಗೇ ಹೇಳಿದ್ನಲ್ಲ ರೈಟ್ರೇ. ಕಣ್ಣಲ್ಲಿ ಕಂಡು, ನಿಂತಲ್ಲಿಂದಲೇ ಹೇಳಿದ್ದು."

ಕರೆ ಬಂದ ಹೊತ್ತು ನನ್ನ ಫೋನಿನಲ್ಲಿ ಇತ್ತು. ಫೋನು ನನ್ನ ಅಂಗಿಯ ಜೇಬಿನಲ್ಲಿತ್ತು. ತೋರಿಸು ಎಂದು ಯಾರೂ ಕೇಳಲಿಲ್ಲ, ನಾನೂ ತೆಗೆಯಲಿಲ್ಲ. ಅವನದು ಬಟನ್ ಫೋನು, ಅದರಲ್ಲೂ ಹೊತ್ತು ಇರುತ್ತದೆ ಎಂಬುದು ಅವನಿಗೆ ತಿಳಿದಿರಲಿಲ್ಲ. ತೋಟದಲ್ಲಿ ಅದನ್ನು ಅವನಿಗೆ ಹೇಳಿಕೊಡಬಹುದಾಗಿದ್ದವನು ನಾನೊಬ್ಬನೇ. ವಾರದ ಕೊನೆಗೆ ಅವನನ್ನು ಕೆಲಸದಿಂದ ತೆಗೆದರು.

ಮರುವಾರ ಸುಮ್ಮನಿರಲು ಆಗಲಿಲ್ಲ. ಪಾಪಭಯ ಎನ್ನಲು ನಾಚಿಕೆಯಾಗುತ್ತದೆ. ಹೀಗೇಕೆ ಆಯಿತೆಂಬ ಕುತೂಹಲವೇ ಹೆಚ್ಚಾಗಿತ್ತು. ನನ್ನ ಹಳೆಯ ಫೋನು, ಹೊಸ ಫೋನು ಎರಡನ್ನೂ ಹಿಡಿದು ಲೈನಿಗೆ ಹೋದೆ. ಹಳೆಯದನ್ನು ಒಂದು ಮನೆಯ ಕಿಟಕಿಯಲ್ಲಿಟ್ಟು, ಟ್ಯಾಂಕಿಗೆ ಬಂದು ಬೊಟ್ಟು ಕೆಂಪು ಮಾಡಿ, ಮತ್ತೆ ಲೈನಿಗೆ ಹೋಗಿ ಅದನ್ನು ತೆರೆದೆ. ಹಸಿರು. ಟ್ಯಾಂಕಿಗೆ ತಂದೆ. ಸ್ವಲ್ಪ ಹೊತ್ತಿಗೆ ಕೆಂಪಾಯಿತು. ಮೂರು ಸಲ ಹೀಗೇ ನಡೆದಾಡಿದೆ. ಸಿಗ್ನಲ್ ಇಲ್ಲದ ಕಡೆ ಫೋನು ಹೊಸ ಪುಟ ತರುವುದಿಲ್ಲ, ಹಿಂದೆ ನೋಡಿದ ಪುಟವನ್ನು ಹೊಟ್ಟೆಯಲ್ಲಿಟ್ಟುಕೊಂಡು ಅದನ್ನೇ ತೋರಿಸುತ್ತದೆ. ಆ ಸ್ವಿಚ್ಚಿನ ಅರ್ಥ ಅದು. ಅವಳು ಕಂಡದ್ದು ಹಿಂದಿನ ದಿನದ ಹಸಿರು. ಗಂಟೆಯ ಸಾಲು ಇದ್ದಿದ್ದರೆ, ಓದಲು ಬಾರದ ಅವಳಿಗೆ ಪಕ್ಕದ ಮನೆಯವರಾದರೂ ಓದಿ ಹೇಳುತ್ತಿದ್ದರು. ಗೊತ್ತಾದ ಮೊದಲ ಕ್ಷಣದಲ್ಲಿ ನನಗೆ ಖುಷಿಯೇ ಆಯಿತು, ಲೆಕ್ಕ ಬಿಡಿಸಿದ ಖುಷಿ. ಆಮೇಲೆ ಅವಳ ಕಾಲು, ಅವನ ಕೆಲಸ ನೆನಪಾಯಿತು.

ಆ ಸಂಜೆಯೇ ಗಂಟೆಯ ಸಾಲನ್ನು ದೊಡ್ಡ ಅಕ್ಷರದಲ್ಲಿ ತಂದೆ. ಸ್ವಿಚ್ ತೆಗೆದೆ. ಮಾಲೀಕರಿಗೆ ಮಾತ್ರ ಏನೂ ಹೇಳಲಿಲ್ಲ.

ಆಸ್ಪತ್ರೆಗೆ ಹೋಗಿ ಆ ಹೆಂಗಸಿಗೆ ಹೇಳಿದೆ. ತಪ್ಪು ನನ್ನ ಪುಟದ್ದು, ಕ್ಷಮಿಸಮ್ಮಾ ಎಂದೆ. ಅವಳು ಬ್ಯಾಂಡೇಜಿನ ಕಾಲು ತೋರಿಸಿ, ತನ್ನ ತಮಿಳು ಬೆರೆತ ಕನ್ನಡದಲ್ಲಿ, "ಪೋಂಗೊ ಸಾರ್, ಹೋಗಿ ನೀವು, ನಿಮ್ಮ ಪಚ್ಚೆ ಬೊಟ್ಟು ನಂಬಿ ನಂಗೆ ಬಿಳಿ ಕಾಲು ಬಂತು" ಎಂದು ನಕ್ಕಳು. ಆಮೇಲೆ, "ಆ ಕಾವಲಣ್ಣ ಎಲ್ಲಿ? ನನ್ನ ಹೊತ್ಕೊಂಡು ಬಂದ್ರಲ್ಲ, ಒಂದ್ಸಲಾನೂ ನೋಡೋಕೆ ಬರ್ಲಿಲ್ಲ" ಎಂದು ಕೇಳಿದಳು.

"ಊರಿಗೆ ಹೋದ" ಎಂದೆ.

ಹೋದ ವರ್ಷ ಸಿದ್ದಾಪುರದ ಬಸ್ ಸ್ಟ್ಯಾಂಡಿನಲ್ಲಿ ಅವನು ಸಿಕ್ಕಿದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಅಲ್ಲಿ ಇಲ್ಲಿ ದಿನಗೂಲಿಗೆ ಹೋಗುತ್ತೇನೆ, ಕಾವಲಿಗೆ ಯಾರೂ ಕರೆಯುವುದಿಲ್ಲ, ತಡವಾಗಿ ಹೇಳುವವನು ಅನ್ನುತ್ತಾರೆ ಎಂದ. ಹಾಗೆ ಹೇಳಿ ನನ್ನ ಕೈ ಕಡೆ ನೋಡಿದ.

"ಹೊಸ ಫೋನಾ ರೈಟ್ರೇ? ಕೊಡಿ ನೋಡುವ."

ಕೊಟ್ಟೆ. ರಸ್ತೆಯಾಚೆಯ ಸಿಲ್ವರ್ ಓಕ್ ಮರದ ತುದಿಯಲ್ಲಿ ಕೂತ ಹಕ್ಕಿಯನ್ನು ಕ್ಯಾಮೆರಾದಲ್ಲಿ ಹತ್ತಿರ ತರುವುದು ಹೇಗೆಂದು ತೋರಿಸಿದೆ. ಬೆರಳಗಲಿಸುತ್ತ ಹೋದ. "ಅಯ್ಯೋ, ಕಣ್ಣೂ ಕಾಣ್ತದಲ್ಲ!" ಎಂದು ಮಗುವಿನ ಹಾಗೆ ನಕ್ಕ. ಇದು ಎಷ್ಟು ದೂರ ಹಿಡಿಯುತ್ತದೆ, ಮಂಜಿದ್ದರೆ ಆಗುತ್ತದೋ, ಮೋಡವಿದ್ದರೆ? ಒಂದಾದ ಮೇಲೊಂದು ಕೇಳಿದ, ಎಲ್ಲಕ್ಕೂ ಉತ್ತರ ಹೇಳಿದೆ. ಅವನೂ ನನ್ನಂಥವನೇ, ಎಲ್ಲವನ್ನೂ ತಿಳಿಯುವ ಆಸೆಯವನು ಎಂಬುದು ಇಷ್ಟು ವರ್ಷ ನನಗೆ ಕಂಡಿರಲಿಲ್ಲ. ಹೇಳಬೇಕಾದದ್ದನ್ನು ಬಿಟ್ಟು ಕ್ಯಾಮೆರಾದ ಬಗ್ಗೆಯೇ ಇನ್ನಷ್ಟು ಹೇಳಿದೆ. ಬಸ್ಸು ಬಂತು. ಫೋನನ್ನು ಪಂಚೆಯ ತುದಿಯಿಂದ ಒರೆಸಿ ನನ್ನ ಕೈಗಿಟ್ಟು ಹತ್ತಿದ.

ಇದನ್ನು ನಕಲು ಮಾಡಿ ಒಂದು ಪ್ರತಿ ಮಾಲೀಕರಿಗೆ ಕಳಿಸುತ್ತಿದ್ದೇನೆ. ಇನ್ನೊಂದನ್ನು ತಿತಿಮತಿಗೆ ಕೈಯಾರೆ ಒಯ್ದು ಓದಿ ಹೇಳಬೇಕು. ಆ ಬಸ್ಸು ನಾನಿನ್ನೂ ಹತ್ತಿಲ್ಲ. ನಾನು ಕ್ಷಮೆ ಕೇಳದೆ ಉಳಿದಿರುವುದು ಅವನ ಹತ್ತಿರ, ಹೊತ್ತಿಗೆ ಸರಿಯಾಗಿ ಹೇಳಿದ್ದ ನಮ್ಮ ತೋಟದ ಆನೆ ಕಾವಲುಗಾರನ ಹತ್ತಿರ.