ತಿಳಿಯಾದ ಬಾವಿ

ನಮ್ಮ ಬಾವಿ ಹಸಿರುಗಟ್ಟಿದಾಗ ಬೇಜಾರಾಗಿತ್ತು. ಹೆದರಿಕೆಯಾಗಿದ್ದು ಅದು ತಿಳಿಯಾದ ಮೇಲೆ.

ಭೋಜ ಗ್ರಾಮದಲ್ಲಿ ನಮ್ಮ ಮನೆಯ ಹಿಂದೆಯೇ ಬಾವಿ. ಅತ್ತೆಯವರು ಜೈನ ವ್ರತ ಹಿಡಿದವರು, ನಳದ ನೀರು ಮುಟ್ಟುವುದಿಲ್ಲ. ಊರಲ್ಲಿರುವಾಗ ಈ ಬಾವಿಯಿಂದ ತಾವೇ ಸೇದಿ, ಬಟ್ಟೆಯಲ್ಲಿ ಸೋಸಿ, ಕಾಯಿಸಿ ಕುಡಿಯಬೇಕು. ಸೋಸಿದ ಬಟ್ಟೆ ತೊಳೆದ ನೀರನ್ನೂ ಚೆಲ್ಲುವಂತಿಲ್ಲ. ಅದರಲ್ಲಿ ಜೀವಗಳಿರುತ್ತವೆ ಎಂದು ಕೊಡದಲ್ಲಿ ಮೆಲ್ಲಗೆ ಇಳಿಸಿ ಬಾವಿಗೇ ಬಿಡುತ್ತಾರೆ. ಕಿಡ್ನಿಯಲ್ಲಿ ಹರಳಾಗಿ ನರಳಿದವರು, ನೀರು ಕುಡಿಯುವುದು ಕಡಿಮೆಯಾಗಕೂಡದು ಎಂದು ಡಾಕ್ಟರು ಹೇಳಿದ್ದರು.

ಹಸಿರುಗಟ್ಟಿದ ಆ ಬೇಸಿಗೆಗೆ ಮುಂಚೆ ಬಾವಿಯ ಮೇಲೆ ಬಾಗಿದ್ದ ಬೇವಿನ ಮರ ಕಡಿಸಿದ್ದೆವು. ಬಿಸಿಲು ನೇರ ನೀರಿಗೆ ಬಿತ್ತು. ಪಕ್ಕದ ಕಬ್ಬಿನ ಯೂರಿಯಾ ಬಸಿದು ಬಂತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಬೆಳಕು, ಬಿಸಿ, ಗೊಬ್ಬರ ಸಿಕ್ಕರೆ ಪಾಚಿಯ ಎಳೆ ತುಂಡು ತುಂಡಾಗಿ, ಒಂದೊಂದು ತುಂಡೂ ಬೆಳೆದು ಬಾವಿಯನ್ನೇ ತುಂಬುತ್ತದೆ, ನೀರು ಬತ್ತುವ ಕಾಲ ಬಂದರೆ ದಪ್ಪ ಸಿಪ್ಪೆ ಹೊದ್ದು ಕೆಸರಿನಲ್ಲಿ ಕಾದು ಕೂರುತ್ತದೆ ಎಂದು ಮಕ್ಕಳಿಗೆ ಪಾಠ ಮಾಡಿದ್ದೆ. ಮನೆಯಲ್ಲಿ ಅತ್ತೆಯವರು ಬಟ್ಟೆಗೆ ಹತ್ತಿದ ಆ ಎಳೆಗಳನ್ನೇ ದಿನಾ ಭಕ್ತಿಯಿಂದ ಬಾವಿಗೆ ವಾಪಸ್ ಕಳಿಸುತ್ತಿದ್ದರು. ಹೇಳಿ ನೋಡಿದೆ. ನಿನ್ನ ಪಾಠ ಶಾಲೆಯಲ್ಲೇ ಇರಲಿ ಎಂದರು.

ಗಂಡನಿಗೆ ತಾಳ್ಮೆ ಕಡಿಮೆ. ಪಾಚಿ ಕೊಲ್ಲಲು ನಿಪ್ಪಾಣಿಯಿಂದ ಮೈಲುತುತ್ತದ ಪೊಟ್ಟಣ ತಂದು ಅಟ್ಟದ ಮೇಲಿಟ್ಟರು. ಅದು ಬಿದ್ದರೆ ಪಾಚಿಯ ಜೊತೆ ಬಾವಿಯ ಮೀನೂ ಸಾಯುತ್ತವೆ, ಕುಡಿದವರಿಗೂ ವಿಷ, ದಯವಿಟ್ಟು ಹಾಕಬೇಡಿ ಎಂದು ಬೇಡಿಕೊಂಡೆ. ಹೂಂ ಎಂದರು. ಆ ಹೂಂ ನಂಬಿ ಅತ್ತೆಯವರನ್ನು ಕರೆದುಕೊಂಡು ಏಕಸಂಬಿಯ ನೆಂಟರ ಮನೆಗೆ ನಾಲ್ಕು ದಿನ ಹೋದೆ.

ತಿರುಗಿ ಬಂದು ಒಂದೆರಡು ಗಂಟೆ ಬಿಟ್ಟು ಬಾವಿಗೆ ಬಗ್ಗಿದರೆ ತಳದ ಕಲ್ಲು ಕಾಣುತ್ತಿತ್ತು. ಕೊಡದ ಸದ್ದಿಗೆ ಮೇಲೆ ಬರುತ್ತಿದ್ದ ಮೀನು ಒಂದೂ ಬರಲಿಲ್ಲ. ಅಟ್ಟದ ಮೇಲಿದ್ದ ಪೊಟ್ಟಣ ಖಾಲಿ. ಅಡುಗೆಮನೆಗೆ ಓಡಿದೆ.

ಅತ್ತೆಯವರು ಆಗಲೇ ಸೇದಿ, ಸೋಸಿ, ಕಾಯಿಸಿ, ಆರಿಸಿ ಲೋಟಕ್ಕೆ ಬಗ್ಗಿಸಿಕೊಂಡಿದ್ದರು. ಮುಖದಲ್ಲಿ ಗೆದ್ದ ಸಂತೋಷ.

"ನೋಡವಾ, ಜೀವ ಉಳಿಸಿದ್ದಕ್ಕ ನೀರು ಹೆಂಗ ತಿಳಿ ಆಗೇತಿ."

ಹೇಳಿದರೆ ಈ ಬಾವಿಯ ನೀರನ್ನೇ ಬಿಡುತ್ತಾರೆ, ಊರಿನ ಬೇರೆ ನೀರು ಮುಟ್ಟುವುದಿಲ್ಲ. ಹೇಳದಿದ್ದರೆ ಇದನ್ನೇ ಕುಡಿಯುತ್ತಾರೆ. ಲೋಟ ತುಟಿಗೆ ಹೋಗುತ್ತಿದ್ದಂತೆ ಕಸಿದುಕೊಂಡೆ.

"ಬ್ಯಾಡ್ರಿ ಅತ್ಯಾರ. ನಿಮ್ಮ ಮಗ ಮೈಲುತುತ್ತ ಹಾಕ್ಯಾರ."

ಅವರು ನನ್ನನ್ನು ಬೈಯಲಿಲ್ಲ, ಮಗನನ್ನೂ ಕರೆಯಲಿಲ್ಲ. ಎದ್ದು ಕೊಡವನ್ನು ಬೋರಲು ಹಾಕಿದರು.

"ನನ್ನೊಬ್ಬಾಕಿ ನೀರಡಿಕಿಗೆ ಇಷ್ಟು ಜೀವ ಹೋದ್ವು," ಎಂದರು. "ಇನ್ನ ನನಗ ನೀರು ಬ್ಯಾಡವಾ."